70,000 ಪದಗಳ ಮುಂದೆ ಕೂತ ಕಿಟೆಲ್

ಕನ್ನಡಕ್ಕೆ ಬಹಳ ದೊಡ್ಡ ನಿಘಂಟೊಂದನ್ನು ಮಾಡಿಕೊಟ್ಟವರ ಮನೆಮಾತು ಕನ್ನಡ ಆಗಿರಲಿಲ್ಲ. ಅವರು ಹುಟ್ಟಿದ್ದು ಕರ್ನಾಟಕದಲ್ಲಿ ಅಲ್ಲ, ಭಾರತದಲ್ಲೂ ಅಲ್ಲ. ಜರ್ಮನಿಯ ಉತ್ತರ ಕರಾವಳಿಯ ಹತ್ತಿರ ರೆಸ್ಟರ್‌ಹಾಫೆ ಎಂಬ ಹಳ್ಳಿ. ಅಲ್ಲಿ 1832ರ ಏಪ್ರಿಲ್ 7ರಂದು ಒಬ್ಬ ಪಾದ್ರಿಯ ಮನೆಯಲ್ಲಿ ಹುಟ್ಟಿದ ಹುಡುಗ ಫರ್ಡಿನೆಂಡ್ ಕಿಟೆಲ್. ಆ ಹುಡುಗ ಬೆಳೆದು ದೊಡ್ಡವನಾಗಿ, ಹಡಗು ಹತ್ತಿ ಬಂದು, 1894ರಲ್ಲಿ ಮಂಗಳೂರಿನಿಂದ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ಪುಟಗಳು 1,700ಕ್ಕೂ ಹೆಚ್ಚು. ಎಲ್ಲವೂ ಕೈಯಲ್ಲಿ ಬರೆದದ್ದು.

ಈ ಸಂಚಿಕೆಗೆ ಯಾರ ಜೀವನದ ಬಗ್ಗೆ ಬೇಕಾದರೂ ಬರೆಯಬಹುದು ಎಂದು ಹೇಳಿದಾಗ ನಾನು ಇವರನ್ನು ಆರಿಸಿಕೊಂಡೆ. ಅದಕ್ಕೆ ಎರಡು ಕಾರಣ ಇದೆ.

ಮೊದಲನೆಯದು, ನಮ್ಮ ತರಗತಿಯಲ್ಲಿ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು. ಇಷ್ಟೊಂದು ಪೋರ್ಷನ್ ಹೇಗೆ ಮುಗಿಸುವುದು? ಅಕೌಂಟೆನ್ಸಿಯಲ್ಲಿ ಪಾಲುದಾರಿಕೆಯ ಲೆಕ್ಕ, ಷೇರು, ಡಿಬೆಂಚರು, ನಗದು ಹರಿವಿನ ತಃಖ್ತೆ. ಜೊತೆಗೆ ವ್ಯವಹಾರ ಅಧ್ಯಯನ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಎರಡು ಭಾಷೆ. ಕೆಲವರಿಗೆ ಇದರ ಮೇಲೆ ಸಿ.ಎ. ಫೌಂಡೇಶನ್ ಯೋಚನೆ. ನಮ್ಮಲ್ಲಿ ಎಷ್ಟೋ ಜನ ಮನೆಯಲ್ಲಿ ಪಿಯುಸಿ ಮೆಟ್ಟಿಲು ಹತ್ತಿದ ಮೊದಲನೆಯವರು. ಅಬ್ಬಾ, ಅಮ್ಮಿ ಇಬ್ಬರೂ ನಮ್ಮ ಮುಖ ನೋಡುತ್ತಿರುತ್ತಾರೆ. ಪುಸ್ತಕದ ರಾಶಿ ಎದುರಿಗೆ ಇಟ್ಟುಕೊಂಡರೆ ಯಾವುದನ್ನು ತೆಗೆಯಬೇಕು ಎಂದೇ ತಿಳಿಯದೆ ಕೈಕಾಲು ಆಡುವುದಿಲ್ಲ. ಇದನ್ನು ಸೋಮಾರಿತನ ಎಂದು ಹಿರಿಯರು ಬೈಯುತ್ತಾರೆ. ಆದರೆ ಸೋಮಾರಿಗೆ ಎದೆ ಹೊಡೆದುಕೊಳ್ಳುವುದಿಲ್ಲ, ನಮಗೆ ಹೊಡೆದುಕೊಳ್ಳುತ್ತದೆ. ಇದು ಕೆಲಸದ ಗಾತ್ರ ನೋಡಿ ಆಗುವ ಭಯ.

ಎರಡನೆಯದು, ನಾನು ಉರ್ದು ಮಾತಾಡುವ ಮನೆಯಿಂದ ಬಂದವರಲ್ಲಿ ಒಬ್ಬ ವಿದ್ಯಾರ್ಥಿ. ವಿಜಯನಗರದ ಅಂಗಡಿಯಲ್ಲಿ, ಬಸ್ಸಿನಲ್ಲಿ ಕನ್ನಡ ಕೇಳುತ್ತಾ ಬೆಳೆದಿದ್ದೇನೆ. ಆದರೂ ಕನ್ನಡದಲ್ಲಿ ಎರಡು ಪುಟ ಬರೆಯಿರಿ ಎಂದರೆ ನಮ್ಮಂಥವರಿಗೆ ಅದು ಬೆಟ್ಟ. ಆ ಬೆಟ್ಟವನ್ನು ಇಡಿಯಾಗಿ ಹತ್ತಿದ ಹೊರಗಿನ ಮನುಷ್ಯ ಕಿಟೆಲ್. ಅವರು ಹೇಗೆ ಹತ್ತಿದರು ಎಂದು ತಿಳಿದುಕೊಳ್ಳುವ ಆಸೆ ನನಗೆ ಇತ್ತು.

ಕಿಟೆಲ್ ಅವರು ಚಿಕ್ಕ ವಯಸ್ಸಿನಲ್ಲೇ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಕಲಿತರು. 1850ರಲ್ಲಿ, 18ನೇ ವಯಸ್ಸಿನಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದ ಬಾಸೆಲ್ ಮಿಷನ್ ಶಾಲೆಗೆ ಸೇರಿದರು. ಮಿಷನ್ ಅವರನ್ನು 1853ರಲ್ಲಿ ಭಾರತಕ್ಕೆ ಕಳಿಸಿತು. ಆಗ ಸೂಯೆಜ್ ಕಾಲುವೆ ಇನ್ನೂ ಇರಲಿಲ್ಲ, ಅದು ತೆರೆದದ್ದು 1869ರಲ್ಲಿ. ಅವರು ಬಂದ ಉದ್ದೇಶ ಕ್ರೈಸ್ತ ಧರ್ಮದ ಪ್ರಚಾರ. ಇದನ್ನು ಮುಚ್ಚಿಡುವ ಅಗತ್ಯ ಇಲ್ಲ. ಆದರೆ ಇಂದು ಕನ್ನಡ ನಾಡಿನಲ್ಲಿ ಅವರ ಹೆಸರು ಉಳಿದಿರುವುದು ಆ ಕೆಲಸದಿಂದಲ್ಲ, ನಿಘಂಟಿನಿಂದ.

ಮೊದಲು ಅವರು ಧಾರವಾಡದಲ್ಲಿದ್ದರು. ಅಲ್ಲಿ ಜನರ ನಡುವೆ ಓಡಾಡಿ, ಹಳ್ಳಿಗಳಿಗೆ ನಡೆದುಕೊಂಡು ಹೋಗಿ ಭಾಷೆ ಕಲಿತರು. ಸ್ಥಳೀಯರ ಹಾಗೆ ಬದುಕಬೇಕು ಎನ್ನುವ ಅವರ ಹಟ ಮಿಷನ್‌ನ ಹಿರಿಯರಿಗೆ ಯಾವಾಗಲೂ ಇಷ್ಟವಾಗುತ್ತಿರಲಿಲ್ಲ. ಹೇಳಿದ ಕೆಲಸ ಬಿಟ್ಟು ಭಾಷೆ, ಸಾಹಿತ್ಯ ಎಂದು ಹೋಗುತ್ತಾರೆ ಎಂಬ ಅಸಮಾಧಾನವೂ ಇತ್ತು. ಮುಂದೆ ಮಂಗಳೂರು, ಮಡಿಕೇರಿಗಳಲ್ಲಿ ಕೆಲಸ ಮಾಡಿದರು. 1862ರಲ್ಲಿ ಯೇಸುವಿನ ಜೀವನವನ್ನು ಕನ್ನಡ ಛಂದಸ್ಸಿನಲ್ಲೇ ಪದ್ಯವಾಗಿ ಬರೆದು 'ಕಥಾಮಾಲೆ' ಎಂಬ ಪುಸ್ತಕ ತಂದರು. ನಮ್ಮ ಮಾತೃಭಾಷೆಯಲ್ಲಿ ನಾಲ್ಕು ಸಾಲು ಶೇರ್ ಬರೆಯಲು ನಾವು ಪರದಾಡುತ್ತೇವೆ. ಅವರು ಒಂಬತ್ತು ವರ್ಷದಲ್ಲಿ ಕಲಿತ ಭಾಷೆಯ ಛಂದಸ್ಸನ್ನು ಹಿಡಿದಿದ್ದರು.

ಮನೆಯ ಕಡೆ ಅವರಿಗೆ ಸುಖ ಇರಲಿಲ್ಲ. 1860ರಲ್ಲಿ ಪೌಲಿನ್ ಐತ್ ಎಂಬುವವರನ್ನು ಮದುವೆಯಾದರು. ನಾಲ್ಕೇ ವರ್ಷಕ್ಕೆ, 1864ರಲ್ಲಿ, ಆಕೆ ತೀರಿಕೊಂಡರು. 1867ರಲ್ಲಿ ಪೌಲಿನ್ ಅವರ ತಂಗಿ ಜೂಲಿ ಅವರನ್ನು ಮದುವೆಯಾದರು. ಇಂಥ ದಿನಗಳ ನಡುವೆಯೇ ನಿಘಂಟಿನ ಕೆಲಸಕ್ಕೆ ಬೇಕಾದ ಓದು ನಡೆಯುತ್ತಿತ್ತು. ಮನಸ್ಸು ಸರಿ ಇದ್ದಾಗ ಮಾತ್ರ ಓದುತ್ತೇನೆ ಎಂದು ಅವರು ಕೂತಿದ್ದರೆ ಆ ಪುಸ್ತಕ ಇಂದಿಗೂ ಬರುತ್ತಿರಲಿಲ್ಲ.

ಕನ್ನಡಕ್ಕೆ ಅದಕ್ಕೂ ಮೊದಲು ನಿಘಂಟು ಇರಲಿಲ್ಲ ಎಂದಲ್ಲ. ವಿಲಿಯಂ ರೀವ್ ಎಂಬ ಇನ್ನೊಬ್ಬ ಮಿಷನರಿಯ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲೇ ಬಂದಿತ್ತು. ಅದು ಕಿಟೆಲ್ ಹುಟ್ಟಿದ ವರ್ಷ. ಆದರೆ ಹಳಗನ್ನಡದ ಕಾವ್ಯ ಓದುವವರಿಗೂ, ಹಳ್ಳಿಯ ಮಾತು ಕೇಳುವವರಿಗೂ ಒಂದೇ ಕಡೆ ಅರ್ಥ ಸಿಗುವಂಥ ಪುಸ್ತಕ ಬೇಕಿತ್ತು. ಆ ಕೆಲಸ ಕಿಟೆಲ್ ಅವರ ಕೈಗೆ ಬಂತು.

ಇಲ್ಲಿಂದ ನಮಗೆ ಬೇಕಾದ ವಿಷಯ ಶುರುವಾಗುತ್ತದೆ. ಸಾವಿರ ವರ್ಷಕ್ಕೂ ಹಳೆಯ ಸಾಹಿತ್ಯ ಇರುವ ಒಂದು ಭಾಷೆ. ಅದರ ಪದಗಳನ್ನೆಲ್ಲ ಒಂದು ಪುಸ್ತಕಕ್ಕೆ ತರಬೇಕು. ಎಷ್ಟು ಪದ ಇದೆ ಎಂದು ಯಾರೂ ಎಣಿಸಿಲ್ಲ. ನಮ್ಮ ಪೋರ್ಷನ್‌ಗಾದರೂ ಕೊನೆಯ ಪುಟ ಯಾವುದು ಎಂದು ಗೊತ್ತು. ಅವರಿಗೆ ಅದೂ ಗೊತ್ತಿರಲಿಲ್ಲ. ಇಂಥ ಕೆಲಸವನ್ನು ಎಲ್ಲಿಂದ ಹಿಡಿಯುವುದು?

ಕಿಟೆಲ್ ಅವರು ನಿಘಂಟನ್ನು ಕೈಗೆತ್ತಿಕೊಂಡು ಅದೊಂದನ್ನೇ ಮಾಡುತ್ತಾ ಕೂರಲಿಲ್ಲ. ಅದಕ್ಕೆ ಬೇಕಾದ ಚಿಕ್ಕ ಕೆಲಸಗಳನ್ನು ಒಂದೊಂದಾಗಿ ಮುಗಿಸಿದರು. ಹಳಗನ್ನಡ ಪದದ ರೂಪ ತಿಳಿಯಬೇಕಾದರೆ ಹಳೆಯ ವ್ಯಾಕರಣ ಬೇಕು. ಆದ್ದರಿಂದ 13ನೇ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿ 1872ರಲ್ಲಿ ಅಚ್ಚು ಹಾಕಿಸಿದರು. ಪದ್ಯದಲ್ಲಿ ಪದ ಎಲ್ಲಿ ಒಡೆಯುತ್ತದೆ ಎಂದು ತಿಳಿಯಬೇಕಾದರೆ ಛಂದಸ್ಸು ಬೇಕು. ಆದ್ದರಿಂದ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿ 1875ರಲ್ಲಿ ತಂದರು. ಹಳೆಯ ಕೃತಿಗಳು ಓಲೆಗರಿಯಲ್ಲಿ, ಕೈಬರಹದ ಪ್ರತಿಗಳಲ್ಲಿ ಇದ್ದವು. ಒಂದು ಪ್ರತಿಯಲ್ಲಿ ಒಂದು ಅಕ್ಷರ, ಇನ್ನೊಂದರಲ್ಲಿ ಬೇರೆ ಅಕ್ಷರ. ಅವನ್ನು ಹೋಲಿಸಿ ನೋಡಿ ಸರಿಯಾದದ್ದನ್ನು ನಿರ್ಧರಿಸಬೇಕಿತ್ತು.

ಈ ಎರಡು ಪುಸ್ತಕಗಳು ನಿಘಂಟಿಗೆ ಸಲಕರಣೆಯೂ ಹೌದು, ತಮ್ಮಷ್ಟಕ್ಕೆ ಪೂರ್ತಿ ಕೆಲಸವೂ ಹೌದು. ನನಗೆ ಇದು ಬಹಳ ಮುಖ್ಯ ಎನಿಸಿತು. ನಾವು ದೊಡ್ಡ ಗುರಿಯನ್ನು ಚಿಕ್ಕ ಚಿಕ್ಕ ಭಾಗ ಮಾಡಿಕೊಳ್ಳಿ ಎಂಬ ಬುದ್ಧಿಮಾತು ಕೇಳಿದಾಗ ಟೈಮ್ ಟೇಬಲ್ ಬರೆಯುತ್ತೇವೆ. ಐದರಿಂದ ಆರು ಅರ್ಥಶಾಸ್ತ್ರ, ಆರರಿಂದ ಏಳು ಅಕೌಂಟೆನ್ಸಿ. ಹಾಗೆ ಮಾಡಿದಾಗ ಗಂಟೆ ಮುಗಿಯುತ್ತದೆ, ಕೆಲಸ ಮುಗಿಯುವುದಿಲ್ಲ. ಕಿಟೆಲ್ ಅವರು ಭಾಗ ಮಾಡಿದ್ದು ಹೊತ್ತನ್ನಲ್ಲ, ಕೆಲಸವನ್ನು. ಪ್ರತಿ ಭಾಗಕ್ಕೂ ಇದು ಮುಗಿಯಿತು ಎಂದು ಹೇಳುವ ಗಡಿ ಇತ್ತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಪಾಲುದಾರನ ನಿವೃತ್ತಿಯ ಒಂದು ಲೆಕ್ಕವನ್ನು ಬ್ಯಾಲೆನ್ಸ್ ಶೀಟಿನ ಎರಡೂ ಬದಿ ಕೂಡುವ ತನಕ ಮಾಡಿದರೆ ಅದು ಮುಗಿದ ಕೆಲಸ. ಒಂದು ಗಂಟೆ ಅದರ ಮುಂದೆ ಕೂತರೆ ಅದು ಬರೀ ಕೂತದ್ದು.

ವಾಣಿಜ್ಯ ವಿದ್ಯಾರ್ಥಿ ಆದ್ದರಿಂದ ನಾನು ಒಂದು ಲೆಕ್ಕ ಹಾಕಿದೆ. ಅವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಕೆಲಸದ ಹಿಂದೆ ಇದ್ದರು. 20 ವರ್ಷ ಎಂದೇ ಇಟ್ಟುಕೊಳ್ಳೋಣ. 365ರಿಂದ ಗುಣಿಸಿದರೆ 7,300 ದಿನ. 70,000 ಪದವನ್ನು ಅದರಿಂದ ಭಾಗಿಸಿದರೆ ದಿನಕ್ಕೆ ಹತ್ತು ಪದಕ್ಕಿಂತ ಸ್ವಲ್ಪ ಕಡಿಮೆ. ದಿನಕ್ಕೆ ಹತ್ತು ಪದ! ಕೇಳಲು ಎಷ್ಟು ಸುಲಭ.

ಆದರೆ ಈ ಸರಾಸರಿಯನ್ನು ಪೂರ್ತಿ ನಂಬಬಾರದು. ಸರಾಸರಿ ಎಷ್ಟು ಮರೆಮಾಚುತ್ತದೆ ಎಂದು ಸಂಖ್ಯಾಶಾಸ್ತ್ರದ ತರಗತಿಯಲ್ಲಿ ನಮಗೆ ಕಲಿಸಿದ್ದಾರೆ. ಒಂದು ಪದ ಎಂದರೆ ಬರೀ ಒಂದು ಅರ್ಥ ಬರೆಯುವುದಲ್ಲ. ಪದದ ಸರಿಯಾದ ರೂಪ, ಇಂಗ್ಲಿಷಿನಲ್ಲಿ ಅದರ ಅರ್ಥಗಳು, ಹಳೆಯ ಕೃತಿಗಳಲ್ಲಿ ಅದರ ಬಳಕೆ, ಜನರ ಗಾದೆಗಳಲ್ಲಿ ಅದರ ಬಳಕೆ, ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳಲ್ಲಿ ಅದರ ಅಣ್ಣತಮ್ಮಂದಿರು, ಇಷ್ಟನ್ನೂ ಹುಡುಕಬೇಕು. ಈಗ ನಾವು ಬಳಸದ ಱ, ೞ ಅಕ್ಷರಗಳ ಪದಗಳನ್ನು ಬೇರೆಯಾಗಿ ನೋಡಬೇಕು. ಕೆಲವು ಪದ ಒಂದು ಸಾಲಿನಲ್ಲಿ ಮುಗಿಯುತ್ತದೆ, ಕೆಲವು ಪದಕ್ಕೆ ಹತ್ತಾರು ಅರ್ಥ. ಅಂದರೆ ಒಂದು ದಿನ ಹಲವು ಪದ ಮುಗಿದರೆ ಇನ್ನೊಂದು ದಿನ ಒಂದೂ ಮುಗಿಯದೆ ಇರಬಹುದು. ಏನೂ ಮುಗಿಯದ ಸಂಜೆಯ ನಂತರ ಮರುದಿನ ಬೆಳಿಗ್ಗೆ ಮತ್ತೆ ಅದೇ ಪದದ ಮುಂದೆ ಕೂರಬೇಕು. ಹನಿಹನಿ ಕೂಡಿದರೆ ಹಳ್ಳ ಎಂಬ ಗಾದೆ ನಿಜ. ಆದರೆ ಹನಿ ಬೀಳದ ದಿನವೂ ಹಳ್ಳದ ಹತ್ತಿರ ಇರಬೇಕು ಎಂಬುದನ್ನು ಗಾದೆ ಹೇಳುವುದಿಲ್ಲ.

ಇನ್ನೊಂದು ಮಾತು. ಕಿಟೆಲ್ ಒಬ್ಬರೇ ಎಲ್ಲವನ್ನೂ ಮಾಡಿದರು ಎಂದು ನಾವು ಭಾವಿಸಬಾರದು. ಅವರಿಗೆ ಕನ್ನಡ ವಿದ್ವಾಂಸರ ಸಹಾಯ ಇತ್ತು. ತಿಳಿಯದ್ದನ್ನು ತಿಳಿದವರಲ್ಲಿ ಕೇಳಿದರು. ಜೈನ ಕವಿಗಳ ಕಾವ್ಯ, ವೀರಶೈವ ಸಾಹಿತ್ಯ, ದಾಸರ ಪದ, ಬೀದಿಯ ಗಾದೆ ಯಾವುದನ್ನೂ ಕೀಳೆಂದು ಬಿಡಲಿಲ್ಲ. ನಮ್ಮಲ್ಲಿ ಒಂದು ಅಭ್ಯಾಸ ಇದೆ. ತಿಳಿಯದಿದ್ದರೆ ಸುಮ್ಮನೆ ಇರುತ್ತೇವೆ, ಕೇಳಿದರೆ ಎಲ್ಲಿ ನಗುತ್ತಾರೋ ಎಂದು. ವಿಶೇಷವಾಗಿ ಕನ್ನಡ ಪೀರಿಯಡ್‌ನಲ್ಲಿ ನಮ್ಮ ಕಡೆಯ ಬೆಂಚುಗಳು ಬಹಳ ಶಾಂತ. ಅಷ್ಟು ದೊಡ್ಡ ನಿಘಂಟು ಮಾಡಿದವರ ಅರ್ಧ ಕೆಲಸವೇ ಈ ಪದಕ್ಕೆ ಏನು ಅರ್ಥ ಎಂದು ಇನ್ನೊಬ್ಬರನ್ನು ಕೇಳುವುದಾಗಿತ್ತು.

ಆ ನಿಘಂಟಿನಲ್ಲಿ ನನಗೆ ತುಂಬ ಸಂತೋಷ ಕೊಟ್ಟ ಸಂಗತಿ ಬೇರೆಯೇ. ಬೇರೆ ಭಾಷೆಯಿಂದ ಕನ್ನಡಕ್ಕೆ ಬಂದ ಪದಗಳನ್ನು ಕಿಟೆಲ್ ಹೊರಗೆ ಹಾಕಲಿಲ್ಲ. ಇದು ಹಿಂದೂಸ್ತಾನಿಯಿಂದ ಬಂದದ್ದು, ಇದು ಮರಾಠಿಯಿಂದ ಬಂದದ್ದು ಎಂದು ಗುರುತು ಹಾಕಿ ಒಳಗೆ ಕೂರಿಸಿದರು. ನಮ್ಮ ವಿಷಯದ್ದೇ ಪದಗಳನ್ನು ನೋಡಿ. ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ, ತಃಖ್ತೆ. ಇವೆಲ್ಲ ಅರಬ್ಬಿ, ಫಾರಸಿ ಮೂಲದವು. ನಮ್ಮ ಮನೆಯಲ್ಲೂ ಇವೇ ಪದ, ಕನ್ನಡ ಮಾಧ್ಯಮದ ಅಕೌಂಟೆನ್ಸಿ ಪುಸ್ತಕದಲ್ಲೂ ಇವೇ ಪದ. ಕನ್ನಡ ಎಂಬ ಬೆಟ್ಟದ ಒಂದಿಷ್ಟು ಮೆಟ್ಟಿಲು ನಮ್ಮ ಅಡುಗೆಮನೆಯಿಂದಲೇ ಶುರುವಾಗುತ್ತದೆ ಎಂದು ಗೊತ್ತಾದಾಗ ಅದರ ಎತ್ತರ ಸ್ವಲ್ಪ ಇಳಿಯಿತು. ಯಾವುದೇ ದೊಡ್ಡ ಕೆಲಸದಲ್ಲೂ ನಮಗೆ ಆಗಲೇ ಗೊತ್ತಿರುವ ಭಾಗ ಒಂದಿಷ್ಟು ಇರುತ್ತದೆ. ಭಯದಲ್ಲಿ ಅದನ್ನು ಎಣಿಸಲು ಮರೆಯುತ್ತೇವೆ.

1877ರಲ್ಲಿ ಕಿಟೆಲ್ ಅವರು ಕುಟುಂಬದ ಜೊತೆ ಜರ್ಮನಿಗೆ ಹಿಂತಿರುಗಿದರು. ನಿಘಂಟು ಆಗ ಮುಗಿದಿರಲಿಲ್ಲ. ವಯಸ್ಸು 45. ಅಷ್ಟಕ್ಕೇ ಕೈಬಿಟ್ಟಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಎರಡು ದೊಡ್ಡ ಗ್ರಂಥ ಸಂಪಾದಿಸಿದವರು ಎಂಬ ಹೆಸರಾದರೂ ಉಳಿಯುತ್ತಿತ್ತು. ಆದರೆ ಪದ ಇರುವುದು ಕನ್ನಡ ಮಾತಾಡುವವರ ಬಳಿ. ದೂರದಲ್ಲಿ ಕೂತು ಮುಗಿಸಲು ಆಗುವಂಥದ್ದಲ್ಲ. 1883ರಲ್ಲಿ, 50 ದಾಟಿದ ಮೇಲೆ, ಅವರು ಮತ್ತೆ ಹಡಗು ಹತ್ತಿದರು. ಈ ಸಲ ಒಬ್ಬರೇ. ಹೆಂಡತಿ, ಮಕ್ಕಳು ಜರ್ಮನಿಯಲ್ಲೇ ಉಳಿದರು. 1892ರವರೆಗೆ ಇಲ್ಲೇ ಇದ್ದು ಕೆಲಸ ಮಾಡಿದರು.

ಇದನ್ನು ಓದಿದಾಗ ನನಗೆ ಎರಡು ರೀತಿ ಅನಿಸಿತು. ನಡುವೆ ನಿಂತ ಕೆಲಸ ಸತ್ತುಹೋದ ಕೆಲಸವಲ್ಲ, ಮತ್ತೆ ಹಿಡಿಯಬಹುದು ಎಂಬ ಧೈರ್ಯ ಒಂದು. ಹದಿನೈದು ದಿನ ಜ್ವರ ಬಂದು, ಅಥವಾ ಮನೆಯ ಕೆಲಸದಿಂದ ಓದು ನಿಂತವರು ಇನ್ನು ಈ ವರ್ಷ ಮುಗಿಯಿತು ಎಂದು ಪುಸ್ತಕ ಮುಚ್ಚಬೇಕಿಲ್ಲ. ಆದರೆ ಇನ್ನೊಂದು ಕಡೆ, ಆ ಒಂಬತ್ತು ವರ್ಷ ಅವರ ಮಕ್ಕಳು ತಂದೆಯಿಲ್ಲದೆ ಬೆಳೆದರು. ಜೂಲಿ ಅವರು ಸಂಸಾರ ನಡೆಸಿದರು. ನಿಘಂಟಿನ ಮುಖಪುಟದಲ್ಲಿ ಒಬ್ಬರ ಹೆಸರು ಇದೆ, ಬೆಲೆ ಕೊಟ್ಟವರು ಮನೆಯವರೆಲ್ಲ. ಮಹಾಪುರುಷರ ಜೀವನ ಓದುವಾಗ ಈ ಖರ್ಚಿನ ಕಾಲಮನ್ನೂ ಓದಬೇಕು ಎಂದು ನನಗೆ ಅನಿಸುತ್ತದೆ. ನಾವು ಓದಲಿ ಎಂದು ಮನೆಯಲ್ಲಿ ಟಿ.ವಿ. ಆರಿಸುವವರು, ಬೆಳಿಗ್ಗೆ ಐದಕ್ಕೆ ಎದ್ದು ಟಿಫಿನ್ ಕಟ್ಟುವವರು, ಫೀಸಿಗೆಂದು ಓವರ್‌ಟೈಮ್ ಮಾಡುವವರು ಇದ್ದಾರೆ. ನಮ್ಮ ದೊಡ್ಡ ಕೆಲಸವನ್ನು ನಾವೊಬ್ಬರೇ ಹೊತ್ತಿಲ್ಲ. ಇದು ಭಾರವನ್ನು ಹೆಚ್ಚಿಸುವ ಮಾತಲ್ಲ. ಒಬ್ಬರೇ ಹೊತ್ತಿಲ್ಲ ಎಂದು ಗೊತ್ತಾದರೆ ಹೆಗಲು ಹಗುರ.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಸಂಸ್ಥೆಯಿಂದ ನಿಘಂಟು ಪ್ರಕಟವಾಯಿತು. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಕೈಯಲ್ಲಿ ಜೋಡಿಸಿ, ಒತ್ತಕ್ಷರಗಳನ್ನು ಕೂಡಿಸಿ, ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದ ಕೆಲಸಗಾರರ ಹೆಸರು ನಮಗೆ ಗೊತ್ತಿಲ್ಲ. ಅವರೂ ಒಂದೊಂದೇ ಅಕ್ಷರ ಜೋಡಿಸಿಯೇ ಆ ಪುಟಗಳನ್ನು ಮುಗಿಸಿದರು. ಪುಸ್ತಕ ಹೊರಬಂದಾಗ ಕಿಟೆಲ್ ಅವರು ಜರ್ಮನಿಯಲ್ಲಿದ್ದರು. ಭಾರತಕ್ಕೆ ಮೊದಲ ಸಲ ಬಂದು 41 ವರ್ಷ ಆಗಿತ್ತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅವರು ಅಲ್ಲಿಗೂ ಸುಮ್ಮನಾಗದೆ ಇಂಗ್ಲಿಷಿನಲ್ಲಿ ಒಂದು ಕನ್ನಡ ವ್ಯಾಕರಣ ಬರೆದರು. ಅದು 1903ರಲ್ಲಿ ಬಂತು. ಅದೇ ವರ್ಷ ಡಿಸೆಂಬರ್‌ನಲ್ಲಿ, 71ನೇ ವಯಸ್ಸಿನಲ್ಲಿ, ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು.

ಅವರ ನಿಘಂಟಿನಲ್ಲಿ ಕನ್ನಡದ ಎಲ್ಲ ಪದಗಳೂ ಇದ್ದವೇ? ಇಲ್ಲ. ಅವರ ನಂತರವೂ ಎಷ್ಟೋ ಶಾಸನ, ಎಷ್ಟೋ ಕಾವ್ಯ ಬೆಳಕಿಗೆ ಬಂದವು. ಮದ್ರಾಸ್ ವಿಶ್ವವಿದ್ಯಾಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಕಿಟೆಲ್ ಕೋಶವನ್ನು ಪರಿಷ್ಕರಿಸಿ ಬೆಳೆಸಿದರು. ನಮ್ಮ ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ಕನ್ನಡ ನಿಘಂಟು ತಂದಿತು. ಅದಕ್ಕೆ ಹಲವು ವಿದ್ವಾಂಸರು ದಶಕಗಳ ಕಾಲ ದುಡಿದರು. ಅಂದರೆ ಕಿಟೆಲ್ ಅವರದು ಪರಿಪೂರ್ಣ ಪುಸ್ತಕವಲ್ಲ, ಮುಗಿದ ಪುಸ್ತಕ. ಇನ್ನೂ ಸಿಗದ ಪದಗಳಿವೆ ಎಂದು ಅವರು ಅಚ್ಚಿಗೆ ಕೊಡದೆ ಇಟ್ಟುಕೊಂಡಿದ್ದರೆ ಮುಂದಿನವರಿಗೆ ಪರಿಷ್ಕರಿಸಲು ಏನೂ ಇರುತ್ತಿರಲಿಲ್ಲ. ನೂರಕ್ಕೆ ನೂರು ಬರದಿದ್ದರೆ ಓದಿ ಏನು ಪ್ರಯೋಜನ ಎನ್ನುವ ನಮ್ಮ ಟಾಪರ್ ಗೆಳೆಯರಿಗೆ ಇದನ್ನು ವಿಶೇಷವಾಗಿ ಹೇಳುತ್ತೇನೆ.

ಧಾರವಾಡದಲ್ಲಿ ಕಿಟೆಲ್ ಅವರ ಹೆಸರಿನ ಕಾಲೇಜು ಇದೆ. ಬೆಂಗಳೂರಿನಲ್ಲಿ ಎಂ.ಜಿ. ರಸ್ತೆಯ ಮೇಯೋ ಹಾಲ್ ಹತ್ತಿರ ಅವರ ಪ್ರತಿಮೆ ಇದೆ. ಕೆಂಗೇರಿಯಿಂದಾಗಲಿ ವಿಜಯನಗರದಿಂದಾಗಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ಬದಲಾಯಿಸದೆ ಎಂ.ಜಿ. ರಸ್ತೆಗೆ ಹೋಗಿ ಇಳಿಯಬಹುದು. ಪರೀಕ್ಷೆ ಮುಗಿದ ಮೇಲೆ ಒಮ್ಮೆ ಹೋಗಿ ನೋಡಿ ಬನ್ನಿ.

ಪರೀಕ್ಷೆಗೆ ಮುಂಚೆ ಮಾಡಬೇಕಾದದ್ದು ಬೇರೆ ಇದೆ. ಗುರುವಾರ ಕೊನೆಯ ಪೀರಿಯಡ್ ಆದ ಮೇಲೆ ನಾವು ನಾಲ್ಕು ಜನ ಲೈಬ್ರರಿಯಲ್ಲಿ ಕೂರುತ್ತೇವೆ. ನಿಯಮ ಒಂದೇ. ಪ್ರತಿಯೊಬ್ಬರೂ ಒಂದು ಲೆಕ್ಕ ಅಥವಾ ಒಂದು ಉತ್ತರವನ್ನು ಪೂರ್ತಿ ಮುಗಿಸಬೇಕು, ತಿಳಿಯದ ಒಂದನ್ನು ಜೋರಾಗಿ ಕೇಳಬೇಕು. ಕನ್ನಡ ಪಾಠದ ಕಷ್ಟದ ಪದ ತಂದರೂ ಸರಿ, ಉರ್ದುವಿನಲ್ಲಿ ಅದಕ್ಕೆ ಏನು ಹೇಳುತ್ತೇವೆ ಎಂದು ಪಕ್ಕದಲ್ಲಿ ಬರೆದುಕೊಳ್ಳುತ್ತೇವೆ. ಇನ್ನೂ ಕುರ್ಚಿ ಖಾಲಿ ಇದೆ, ಬನ್ನಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ